ಇಲ್ಲಿ ಯಾರೂ ಹೊಲಿಯುವುದಿಲ್ಲ

ಗುಡಗೇರಿ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಯಾರ ಮನೆಯಲ್ಲೂ ಎಮ್ಮೆ ಇಲ್ಲ. ಆದರೂ ವರ್ಷದಲ್ಲಿ ಎರಡು ಮೂರು ಸಲ ಅಲ್ಲಿ ಎಮ್ಮೆ ಬಿಚ್ಚಿಕೊಳ್ಳುತ್ತದೆ. ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು, ಕೈಯಲ್ಲಿ ಮೊಬೈಲ್ ಹಿಡಿದು, ಬಾಗಿಲ ಮೇಲಿನ ನಂಬರು ಓದುತ್ತ ಬರುವ ಗಂಡಸೊಬ್ಬ ಓಣಿಯ ತುದಿಯಲ್ಲಿ ಕಂಡರೆ ಸಾಕು, ಮೊದಲ ಮನೆಯವರು "ಎಮ್ಮಿ ಬಿಚ್ಚೇತಿ ನೋಡ್ರವಾ" ಎಂದು ಕೂಗುತ್ತಾರೆ. ಕೂಗು ಮನೆಯಿಂದ ಮನೆಗೆ ದಾಟುತ್ತದೆ. ಟೀವಿಯ ಮೇಲೆ ಚಾದರ ಬೀಳುತ್ತದೆ. ಬೈಕುಗಳು ಮಠದ ಹಿತ್ತಲಿಗೆ ಹೋಗಿ ನಿಲ್ಲುತ್ತವೆ. ಬಂದವನ ಕಣ್ಣಿಗೆ ಬೀಳುವುದು ಬರಿಯ ಗೋಡೆ, ಚಾಪೆ, ಮತ್ತು ಬಾಗಿಲಲ್ಲಿ ನಿಂತ ಬಡ ಹೆಂಗಸರು.

ಅವರು ಬಡವರೇ. ಆ ಮಟ್ಟಿಗೆ ಓಣಿ ಸುಳ್ಳು ಹೇಳುವುದಿಲ್ಲ. ಆದರೆ ಬಡವರು ಇರುವ ಹಾಗೆಯೇ ಇದ್ದರೆ ಈಗಿನ ಕಾಲಕ್ಕೆ ಸಾಲದು, ನೋಡುವವನ ಲೆಕ್ಕಕ್ಕೆ ಸರಿಯಾಗಿ ಬಡವರಾಗಿ ಕಾಣಬೇಕು. ಆಚೆ ಓಣಿಯ ಒಬ್ಬಾಕೆಯ ರೇಷನ್ ಕಾರ್ಡ್ ರದ್ದಾದದ್ದು ಫ್ರಿಜ್ಜಿನಿಂದ. ಅಣ್ಣ ಬೇಡವೆಂದು ಬಿಟ್ಟುಹೋದ ಫ್ರಿಜ್ಜು ಅದು. ಮೋಟರ್ ಸುಟ್ಟಿತ್ತು. ಆಕೆ ಅದರಲ್ಲಿ ಸೀರೆ ಮಡಿಚಿಡುತ್ತಿದ್ದಳು. ತಪಾಸಣೆಗೆ ಬಂದವನು ಫೋಟೋ ಹೊಡೆದುಕೊಂಡು ಹೋದ. ಫೋಟೋದಲ್ಲಿ ಫ್ರಿಜ್ಜು ಬರುತ್ತದೆ, ಸುಟ್ಟ ಮೋಟರ್ ಬರುವುದಿಲ್ಲ. ಅಂದಿನಿಂದ ಈ ಓಣಿಗೆ ಎಮ್ಮೆ ಬಂತು.

ಓಣಿಯ ನಡುವಿನ ಮನೆ ಮೀರಾಬಿಯದು. ಗಂಡ ಹಸನಸಾಬ ಲಾರಿ ಓಡಿಸುತ್ತಾನೆ, ತಿಂಗಳಲ್ಲಿ ಮನೆಯಲ್ಲಿರುವ ದಿನಗಳು ಕಡಿಮೆ. ಮನೆಯಲ್ಲಿ ಇರುವವರು ಅವಳು ಮತ್ತು ಅತ್ತೆ ಖಾಸಿಂಬಿ. ರೇಷನ್ ಕಾರ್ಡ್ ಖಾಸಿಂಬಿಯ ಹೆಸರಿನಲ್ಲಿದೆ. ಹೋದ ವರ್ಷ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮುದುಕಿಯ ಹೃದಯಕ್ಕೆ ಸ್ಟೆಂಟ್ ಹಾಕಿದ್ದು ಆ ಕಾರ್ಡಿನ ಮೇಲೆಯೇ, ಈಗ ಗುಳಿಗೆ ಸಿಗುವುದೂ ಅದರ ಮೇಲೆಯೇ. ಆದ್ದರಿಂದ ಆ ಮನೆಯಲ್ಲಿ ಕಾರ್ಡೆಂದರೆ ಅಕ್ಕಿ ಮಾತ್ರವಲ್ಲ.

ಮೀರಾಬಿ ಕುಂಚಿಗೆ ಹೊಲಿಯುತ್ತಾಳೆ. ಕೂಸಿನ ತಲೆಗೆ ಟೊಪ್ಪಿಗೆಯಾಗಿ ಕೂತು ಬೆನ್ನಿನ ಮೇಲೆ ಹೊದಿಕೆಯಾಗಿ ಇಳಿಯುವ ಬಟ್ಟೆ ಅದು, ಹೆಸರಿಡುವ ದಿನ ತವರಿನವರು ತರುವಂಥದ್ದು. ಖಣದ ಬಟ್ಟೆ, ಅಂಚಿಗೆ ಜರಿ, ತುದಿಗೆ ಗೊಂಡೆ. ಅವಳು ಕಟ್ಟುವ ಗೊಂಡೆಯನ್ನು ಕೂಸು ಎಷ್ಟು ಜಗ್ಗಿದರೂ ಬಾಯಿಗೆ ನೂಲು ಬರುವುದಿಲ್ಲ. ಹೊಲಿದದ್ದೆಲ್ಲ ಗಂಟು ಕಟ್ಟಿ ರೈಲಿನಲ್ಲಿ ಹುಬ್ಬಳ್ಳಿಗೆ ಒಯ್ದು ಅಬ್ದುಲಮಜೀದ ಶೇಟನ ಅಂಗಡಿಗೆ ಕೊಟ್ಟು ಬರುವುದು ಮದುವೆಯಾದ ಮರುವರ್ಷದಿಂದ ನಡೆದುಬಂದ ರೂಢಿ. ಶೇಟ್ ಕೆಟ್ಟವನಲ್ಲ. ಕೂಲಿಯನ್ನು ಕೈಯಲ್ಲೇ ಕೊಡುತ್ತಾನೆ, ಹಬ್ಬಕ್ಕೆ ಶಾವಿಗೆ ಕೊಟ್ಟು ಕಳಿಸುತ್ತಾನೆ.

ಒಂದು ದಿನ ಸ್ಟೇಷನ್ ರಸ್ತೆಯಲ್ಲಿ ಆನ್‌ಲೈನ್ ಸೆಂಟರ್ ನಡೆಸುವ ಸೌಂದರ್ಯಾ ಅವಳನ್ನು ಕರೆದು ಮೊಬೈಲ್ ತೋರಿಸಿದಳು. "ಅಕ್ಕಾ, ಇದು ನಿಮ್ಮ ಕೈದ್ ಅಲ್ಲೇನ್ರಿ?"

ಅವಳದೇ. ಗೊಂಡೆ ನೋಡಿದರೆ ಗೊತ್ತಾಗುತ್ತಿತ್ತು. ದೊಡ್ಡದೊಂದು ಆನ್‌ಲೈನ್ ಮಾರುಕಟ್ಟೆಯಲ್ಲಿ ಅವಳ ಕುಂಚಿಗೆಗಳು ಸಾಲಾಗಿ ನಿಂತಿದ್ದವು, ಶೇಟನ ಅಂಗಡಿಯ ಹೆಸರಿನಲ್ಲಿ. ಕೆಳಗೆ, 'ನಮ್ಮ ಮನೆತನದ ಕೈಕೆಲಸ.' ಅದರ ಕೆಳಗೆ ಯಾವುದೋ ಊರಿನ ತಾಯಿಯೊಬ್ಬಳು ತನ್ನ ಕೂಸಿಗೆ ತೊಡಿಸಿದ ಫೋಟೋ ಹಾಕಿ ಬರೆದಿದ್ದಳು: ನನ್ನ ಅವ್ವ ಇಲ್ಲ, ತವರಿನಿಂದ ತರುವವರು ಯಾರೂ ಇರಲಿಲ್ಲ, ಇದನ್ನು ತೊಡಿಸಿದಾಗ ಅವಳೇ ಬಂದ ಹಾಗಾಯಿತು, ಹೊಲಿದ ಕೈ ತಣ್ಣಗಿರಲಿ.

ಆ ಮಾತು ಶೇಟನಿಗೆ ಹೋಗಿತ್ತು. ಶೇಟ್ ಅದಕ್ಕೆ ಎರಡು ಕೈ ಮುಗಿದ ಚಿತ್ರ ಹಾಕಿ ಸ್ವೀಕರಿಸಿಯೂ ಆಗಿತ್ತು.

ಮೀರಾಬಿಗೆ ಸಂಕಟವಾಯಿತು. ಅದು ರೊಕ್ಕದ ಸಂಕಟವಾಗಿರಲಿಲ್ಲ. ತನಗೆಂದು ಹೊರಟ ಮಾತು ದಾರಿಯಲ್ಲಿ ಬೇರೆಯವರ ಮನೆ ಹೊಕ್ಕಿತಲ್ಲ, ಆ ಸಂಕಟ. ಮುಂದಿನ ಸಲ ಹೋದಾಗ ಶೇಟನನ್ನು ಕೇಳಿಯೇಬಿಟ್ಟಳು. ಅವನು ನಕ್ಕ. "ನಿನ್ನ ಹೆಸರ ಹಾಕಿದ್ರ ನಾಳೆ ನಿನ್ನ ಮನಿಗೆ ಸರ್ವೆ ಬರ್ತೈತಿ ನೋಡವಾ. ಸುಮ್ನ ಆರಾಮ್ ಇರು." ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅದೇ ಅವಳನ್ನು ಹೆಚ್ಚು ಕೆರಳಿಸಿತು.

ಅದೇ ಮಾರುಕಟ್ಟೆಯಲ್ಲಿ ತನ್ನದೇ ಖಾತೆ ತೆರೆಯುವುದೆಂದು ನಿಶ್ಚಯಿಸಿ ಅವಳು ಸೌಂದರ್ಯಾಳ ಸೆಂಟರಿನಲ್ಲಿ ಕೂತಳು. ಆಧಾರ್ ಆಯಿತು, ಪ್ಯಾನ್ ಆಯಿತು, ಪಾಸ್‌ಬುಕ್ ಆಯಿತು. ಆಮೇಲೆ ಮೊಬೈಲ್ ಅವಳ ಮುಖ ಕೇಳಿತು. ಪರದೆಯ ಮೇಲಿನ ಗುಂಡು ಗೆರೆಯೊಳಗೆ ಮುಖ ಇಡಬೇಕು, ಕಣ್ಣು ಪಿಳುಕಿಸಬೇಕು. ತಲೆ ಮೇಲಿನ ಸೆರಗು ಕಂಡು ಗೆರೆ ಕೆಂಪಾಗುತ್ತಿತ್ತು. ಅವಳು ಸೆರಗನ್ನು ಕಿವಿಯ ಹಿಂದೆ ಸರಿಸಿದಳು, ಮತ್ತೆ ಕೆಂಪು, ಇನ್ನಷ್ಟು ಸರಿಸಿದಳು.

"ಲಗ್ನದ ಫೋಟೋಕ್ಕೂ ಇಷ್ಟ ಕಾಡಿಸಿದ್ದಿಲ್ಲಬೇ."

"ಲಗ್ನದಾಗ ಗಂಡ ಒಬ್ಬಾವ ಒಪ್ಪಿದ್ರ ಆಗತಿತ್ರಿ ಅಕ್ಕಾ," ಎಂದಳು ಸೌಂದರ್ಯಾ. "ಇದರಾಗ ಯಾರ್ ಒಪ್ಪಬೇಕಂತ ನನಗೂ ಗೊತ್ತಿಲ್ಲ."

ಕಡೆಗೆ ಗೆರೆ ಹಸಿರಾಯಿತು. ಉಳಿದದ್ದು ಒಂದೇ. ಮನೆಗೆ ಒಬ್ಬರು ಬಂದು ಮಶಿನ್, ಮಾಲು, ಜಾಗ ನೋಡಿ, ನೆರೆಯವರನ್ನು ವಿಚಾರಿಸಿ ಹೋಗುತ್ತಾರೆ. ಯಾವ ದಿನ ಎಂದು ಹೇಳುವುದಿಲ್ಲ.

ಇಲ್ಲಿ ಮೀರಾಬಿ ತಪ್ಪಿದಳು. ಈ ಸಂಗತಿಯನ್ನು ಓಣಿಯಲ್ಲಿ ಯಾರಿಗೂ ಹೇಳಲಿಲ್ಲ. ಆಗುತ್ತದೆಯೋ ಇಲ್ಲವೋ, ಆದ ಮೇಲೆ ಹೇಳಿದರಾಯಿತು, ಮೊದಲೇ ಹೇಳಿ ನಗೆಪಾಟಲಾಗುವುದು ಯಾಕೆ ಎಂದುಕೊಂಡಳು. ಬದುಕಿನುದ್ದಕ್ಕೂ ಕೆಲಸವನ್ನು ಮುಚ್ಚಿಟ್ಟು ಮಾಡಿದವಳಿಗೆ ತೆರೆದು ಮಾಡುವ ಕೆಲಸವೂ ಮುಚ್ಚಿಟ್ಟೇ ಶುರುವಾಯಿತು.

ಮನೆ ನೋಡುವವನು ಬಂದ ದಿನ ಅವಳು ಹುಬ್ಬಳ್ಳಿಯಲ್ಲಿದ್ದಳು. ಅವನ ಫೋನು ಬಂದಿತ್ತು, ಅವಳು ಎತ್ತಲಿಲ್ಲ. ಬ್ಯಾಂಕಿನ ಹೆಸರು ಹೇಳಿ ಮೋಸ ಮಾಡುವವರಿದ್ದಾರೆ, ಗೊತ್ತಿಲ್ಲದ ನಂಬರು ಎತ್ತಬೇಡಿರೆಂದು ಸೌಂದರ್ಯಾಳೇ ಕಲಿಸಿಕೊಟ್ಟಿದ್ದಳು.

ಬಂದವನ ಹೆಸರು ಪ್ರಭು. ಹುಬ್ಬಳ್ಳಿಯ ತೆಳ್ಳಗಿನ ಯುವಕ, ಬಿಸಿಲಿಗೆ ಮುಖ ಕೆಂಪಾಗಿತ್ತು. ಕೊರಳಲ್ಲಿ ಚೀಟಿ, ಕೈಯಲ್ಲಿ ಮೊಬೈಲ್. ಓಣಿಯ ತುದಿಯಲ್ಲೇ ಎಮ್ಮೆ ಬಿಚ್ಚಿತು. ಮೀರಾಬಿಯ ಪಕ್ಕದ ಮನೆಯ ಮಲ್ಲಕ್ಕ ಹಣೆಯ ವಿಭೂತಿ ಸರಿಮಾಡಿಕೊಂಡು ಹೊರಗೆ ಬಂದಳು. ಇಂಥ ಹೊತ್ತಿನಲ್ಲಿ ಓಣಿಯ ಪರವಾಗಿ ಮಾತಾಡುವವಳು ಅವಳೇ. ಸುಳ್ಳನ್ನು ಅವಳಷ್ಟು ಭಕ್ತಿಯಿಂದ ಹೇಳುವವರು ಇನ್ನೊಬ್ಬರಿಲ್ಲ.

"ಅಮ್ಮಾರ, ಮೀರಾಬಿ ಅನ್ನಾರ ಮನಿ ಇದೇನ್ರಿ? ವೆರಿಫಿಕೇಶನ್‌ಗೆ ಬಂದೇನ್ರಿ."

ಆ ಒಂದು ಶಬ್ದ ಸಾಕಾಯಿತು. ಮಲ್ಲಕ್ಕ ಒಳಗಿದ್ದ ಸೊಸೆ ದಾನೇಶ್ವರಿಯ ಕಡೆ ನೋಡಿದಳು. ದಾನೇಶ್ವರಿ ಹಿತ್ತಲ ಬಾಗಿಲಿನಿಂದ ಹೊರಟಳು.

"ಕೂಲಿಗೆ ಹೋಗ್ಯಾಳಪಾ. ಮೆಣಸಿನಕಾಯಿ ಹರಿಯಾಕ."

"ಹೊಲಿಗಿ ಮಾಡ್ತಾರಂತಲ್ರಿ?"

"ಹೊಲಿಗಿ? ಈ ಓಣ್ಯಾಗ? ಇಲ್ಲೆ ಯಾರೂ ಹೊಲಿಯಂಗಿಲ್ಲ ತಮ್ಮಾ. ಹರಕ ಅರಬಿ ಹಂಗ ಉಟಗೊಂಡ ಅಡ್ಡಾಡ್ತೀವಿ."

"ಮಶಿನ್ ಐತಿ ಅಂತ ಹಾಕ್ಯಾರ್ರಿ."

"ಇತ್ತು. ಮಾರಿ ಉಂಡ್ಲು. ಏನ್ ಮಾಡ್ತಾಳಪಾ, ಅತ್ತಿ ಹಾಸಿಗಿ ಹಿಡದಾಳ, ಗಂಡ ಎಲ್ಲೆ ಅದಾನೋ ಪತ್ತೇನ ಇಲ್ಲ."

ಪತ್ತೆಯಿಲ್ಲದ ಗಂಡ ಅದೇ ಹೊತ್ತಿಗೆ ಸೊಲ್ಲಾಪುರದ ಢಾಬಾದಿಂದ ಹೆಂಡತಿಯ ಮೊಬೈಲಿಗೆ ಗುಲಾಬಿ ಹೂವಿನ ಚಿತ್ರ ಕಳಿಸುತ್ತಿದ್ದ. ಇತ್ತ ಹಿತ್ತಲಲ್ಲಿ ದಾನೇಶ್ವರಿ ಮತ್ತು ಎದುರುಮನೆಯಾಕೆ ಸೇರಿ ಮಶಿನ್ನನ್ನು ಹೊತ್ತು ಗೋಡೆಯ ಸಂದಿನಿಂದ ದಾಟಿಸಿ ಮಲ್ಲಕ್ಕನ ದೇವರ ಮನೆಯಲ್ಲಿಟ್ಟು, ಮೇಲೆ ಹಳೆಯ ಇಳಕಲ್ಲ ಸೀರೆ ಹೊದಿಸಿದ್ದರು. ಪ್ರಭು ಮೀರಾಬಿಯ ಮನೆಯೊಳಗೆ ಇಣುಕಿ, ಹಾಸಿಗೆಯ ಮೇಲಿದ್ದ ಖಾಸಿಂಬಿಯನ್ನೂ ಖಾಲಿ ಮೂಲೆಯನ್ನೂ ಫೋಟೋ ಹೊಡೆದುಕೊಂಡ. ಬಿಸಿಲಲ್ಲಿ ಬಂದಿದ್ದಾನೆಂದು ಮಲ್ಲಕ್ಕ ಕರೆದು ಚಹಾ ಕೊಟ್ಟಳು, ಅವಲಕ್ಕಿ ಕೊಟ್ಟಳು. ಅವನು ಕುಳಿತು ತಿಂದ ಜಾಗಕ್ಕೂ ಮಶಿನ್ನಿಗೂ ನಡುವೆ ಒಂದು ಬಾಗಿಲ ಪರದೆ ಮಾತ್ರ ಇತ್ತು. ಎದ್ದು ಹೋಗುವಾಗ ಪಾಪ, ಹುಡುಗನ ಕಣ್ಣು ತುಸು ಒದ್ದೆಯಾಗಿತ್ತು. "ಆಕಿಗೆ ಯಾವುದರ ಯೋಜನಾ ಸಿಗಲ್ರಿ," ಎಂದು ಹಾರೈಸಿ ಹೋದ.

ಸಂಜೆಯ ರೈಲಿಗೆ ಮೀರಾಬಿ ಬಂದಾಗ ಮಲ್ಲಕ್ಕ ಕಟ್ಟೆಯ ಮೇಲೆಯೇ ಕಾದಿದ್ದಳು.

"ಬಾರವಾ ಬಾ. ನಿನ್ನ ಕಾರ್ಡ ಉಳಿಸೇನಿ ಇವತ್ತ."

ನಡೆದದ್ದನ್ನೆಲ್ಲ ಅವಳು ಅಭಿನಯಿಸಿ ತೋರಿಸಿದಳು. ಓಣಿಯ ಹೆಂಗಸರು ನಕ್ಕರು. ಮೀರಾಬಿಯ ಕೈಯಲ್ಲಿ ಮೊಬೈಲ್ ಇತ್ತು. ರೈಲಿನಲ್ಲೇ ಸೌಂದರ್ಯಾ ಫೋನು ಮಾಡಿ ಹೇಳಿದ್ದಳು, ಖಾತೆ ತಿರಸ್ಕೃತವಾಗಿದೆ, 'ಈ ವಿಳಾಸದಲ್ಲಿ ವ್ಯಾಪಾರ ಇಲ್ಲ' ಎಂದು ಬಂದಿದೆ. ಯಾಕೆ ಎಂದು ಇಬ್ಬರಿಗೂ ತಿಳಿದಿರಲಿಲ್ಲ. ಈಗ ತಿಳಿಯಿತು.

"ಮಲ್ಲಕ್ಕಾ, ಅವ ಕಾರ್ಡಿನಾವ ಅಲ್ರಿ," ಎಂದಳು ಮೀರಾಬಿ. "ನಾನ ಕರಿಸಿದಾವ."

ನಗು ನಿಂತಿತು. ಮಲ್ಲಕ್ಕ ವಿಷಯ ಪೂರ್ತಿ ಕೇಳಿಸಿಕೊಂಡಳು. ಕೇಳಿ ಮುಗಿದ ಮೇಲೆ ಸಿಟ್ಟಾದಳು, ಅದೂ ನ್ಯಾಯವಾಗಿಯೇ.

"ಮೊದಲ ಒಂದ ಮಾತ ಹೇಳಾಕ ಏನ್ ಬ್ಯಾನಿ ಆಗಿತ್ತಬೇ ನಿನಗ? ದೇವರ ಮುಂದ ಮಶಿನ್ ಇಟಗೊಂಡ ಸುಳ್ಳ ಹೇಳೇನಿ ನಾ."

ಆದರೂ ಮಶಿನ್ನನ್ನು ಹೊತ್ತು ವಾಪಸ್ ತರುವಾಗ ಒಂದು ಬದಿ ಹಿಡಿದವಳೂ ಮಲ್ಲಕ್ಕನೇ.

ಮರುದಿನ ಸೌಂದರ್ಯಾ ನಿಯಮ ಓದಿ ಹೇಳಿದಳು. ಇನ್ನೊಂದೇ ಅವಕಾಶ. ಈ ಸಲವೂ ತಪ್ಪಿದರೆ ಇದೇ ಆಧಾರಿನ ಮೇಲೆ ಮತ್ತೆ ಖಾತೆ ತೆರೆಯಲು ಬರುವುದಿಲ್ಲ. ಹಿಂದಿನ ಸಲ ನೆರೆಯವರು ಇಲ್ಲವೆಂದಿರುವುದರಿಂದ ಈ ಸಲ ನೆರೆಯವರೊಬ್ಬರು ವಿಡಿಯೋದಲ್ಲಿ, ತಮ್ಮ ಹೆಸರು ಹೇಳಿ, ತಮ್ಮ ಮನೆ ತೋರಿಸಿ, ಇಲ್ಲಿ ಇಂಥ ವ್ಯಾಪಾರವಿದೆ ಎಂದು ಹೇಳಬೇಕು.

"ಆ ವಿಡಿಯೋ ಎಲ್ಲಿ ಹೋಗತೈತಿ?" ಮೀರಾಬಿ ಕೇಳಿದಳು.

"ಮ್ಯಾಲೆ ಹೋಗತೈತ್ರಿ."

"ಮ್ಯಾಲೆ ಅಂದ್ರ?"

ಸೌಂದರ್ಯಾ ತಾನು ಓದಿದವಳೆಂದು ಸುಮ್ಮನೆ ಏನೋ ಹೇಳಿ ಬಿಡಬಹುದಿತ್ತು. ಹೇಳಲಿಲ್ಲ. "ಖರೇ ಅಂದ್ರ ನನಗೂ ಗೊತ್ತಿಲ್ರಿ ಅಕ್ಕಾ. ಇದಕ್ಕ ಕಾರ್ಡ ಹೋಗಬಾರದು. ಹೋಗಂಗಿಲ್ಲ ಅಂತ ನನಗ ಬರದ ಕೊಡಾಕ ಬರಂಗಿಲ್ಲ."

ಮೀರಾಬಿ ಮನೆಗೆ ನಡೆದು ಬಂದಳು. ಒಂದು ಮೊಬೈಲಿಗೆ ಮನೆಯಲ್ಲಿ ಏನೂ ಇಲ್ಲವೆಂದು ತೋರಿಸಬೇಕು, ಇಲ್ಲದಿದ್ದರೆ ಮುದುಕಿಯ ಗುಳಿಗೆ ನಿಲ್ಲುತ್ತದೆ. ಇನ್ನೊಂದು ಮೊಬೈಲಿಗೆ ಎಲ್ಲ ಇದೆಯೆಂದು ತೋರಿಸಬೇಕು, ಇಲ್ಲದಿದ್ದರೆ ಅವಳು ಇಲ್ಲವೇ ಇಲ್ಲ. ಇರುವುದು ಒಂದೇ ಮನೆ, ಒಂದೇ ಮಶಿನ್. ಹೊಲಿದರೆ ಹೊಟ್ಟೆ ಅರ್ಧ ತುಂಬುತ್ತದೆ, ಉಳಿದರ್ಧಕ್ಕೆ ಕಾರ್ಡ್ ಬೇಕು. ಈ ಅರ್ಧವನ್ನು ಬರೆಯಲು ಯಾವ ಮೊಬೈಲಿನಲ್ಲೂ ಜಾಗವಿಲ್ಲ. ಪೇಟೆಯಲ್ಲಿ ಮೂರು ಮಳಿಗೆ ಇರುವವನು ಒಂದನ್ನು ಹೆಂಡತಿಯ ಹೆಸರಿಗೂ ಇನ್ನೊಂದನ್ನು ಅಳಿಯನ ಹೆಸರಿಗೂ ಬರೆದಿಟ್ಟರೆ ಅದಕ್ಕೆ ವ್ಯವಹಾರ ಜ್ಞಾನ ಎನ್ನುತ್ತಾರೆ, ಹಾಗೆ ಬರೆದುಕೊಡಲು ಓದಿದವರು ಕಚೇರಿ ತೆರೆದು ಕೂತಿದ್ದಾರೆ. ಗುಡಗೇರಿಯ ಹೆಂಗಸು ಒಂದು ಹೊಲಿಗೆ ಮಶಿನ್ನನ್ನು ಪಕ್ಕದ ಮನೆಗೆ ದಾಟಿಸಿದರೆ ಅದು ವಂಚನೆ.

ಅವಳು ಅತ್ತೆಯ ಬಳಿ ಕೂತು ಎಲ್ಲ ಹೇಳಿದಳು. ಖಾಸಿಂಬಿಗೆ ಕಿವಿ ಮಂದ, ಪ್ರತಿ ಮಾತನ್ನೂ ಎರಡು ಸಲ ಹೇಳಬೇಕು. ಮನೆಯೊಳಗೆ ಅವರು ಆಡುವುದು ಉರ್ದು ಬೆರೆತ ಮಾತು. ಕನ್ನಡದಲ್ಲಿ ಹೇಳುವುದಾದರೆ ಅದರ ಅರ್ಥ ಇಷ್ಟು.

"ನಿನ್ನ ಹೆಸರ ಹಾಕ್ತಾರಾ?"

"ಹಾಕ್ತಾರ."

"ಮಜೀದನ ಹೆಸರ ಇರಂಗಿಲ್ಲ?"

"ಇರಂಗಿಲ್ಲ."

"ಕಾರ್ಡ?"

"ಗೊತ್ತಿಲ್ಲ ಅಮ್ಮಾ. ಹೋದ್ರೂ ಹೋಗಬಹುದು."

ಖಾಸಿಂಬಿ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಇಲ್ಲಿ ಒಳಗ ಹಾಕ್ಯಾರಲ್ಲ, ಇದನ್ನ ಹೊಳ್ಳಿ ಕಿತಗೊಂಡ ಹೋಗಂಗಿಲ್ಲಲ್ಲ?"

"ಇಲ್ಲ ಅಮ್ಮಾ."

"ಮತ್ತ ಕರಿ ಅವನ್ನ."

ಮೀರಾಬಿಗೆ ನಗು ಬಂತು, ಜೊತೆಗೆ ಹೆದರಿಕೆಯೂ ಬಂತು. ಮುದುಕಿ ಸುಲಭವಾಗಿ ಹೇಳಿಬಿಟ್ಟಳೆಂದರೆ ಆ ಮಾತಿನ ಭಾರವೆಲ್ಲ ಸೊಸೆಯ ಮೇಲೆ ಬಂದ ಹಾಗೆ. ಗುಳಿಗೆ ಬೇಕಾಗುವ ದಿನ ಬಂದರೆ ಈ ಹೊತ್ತನ್ನು ನೆನೆಸಿಕೊಳ್ಳಬೇಕಾದವಳು ಅವಳೇ. ಆದರೂ ಅವಳು ಎದ್ದು ಮಲ್ಲಕ್ಕನ ಮನೆಗೆ ಹೋದಳು. ಈ ಸಲ ಸಾಕ್ಷಿ ಬೇಕಾದದ್ದನ್ನೂ ಸೇರಿಸಿ ಎಲ್ಲ ಹೇಳಿದಳು, ಬಾಗಿಲಲ್ಲಿ ನಿಂತು, ಎದುರುಮನೆಯವರಿಗೂ ಕೇಳುವ ಹಾಗೆ. ಮಲ್ಲಕ್ಕ ಆಗಲಿ ಎನ್ನಲಿಲ್ಲ, ಒಲ್ಲೆ ಎಂದೂ ಅನ್ನಲಿಲ್ಲ. "ಬರಲಿ, ನೋಡೂಣು," ಎಂದಳು.

ಪ್ರಭು ಬಂದ. ರೂಢಿಯ ಬಲದಿಂದ ಓಣಿಯ ತುದಿಯಲ್ಲಿ ಯಾರೋ ಎಮ್ಮೆ ಬಿಚ್ಚಿದರು.

"ಕಟ್ಟೇನಿ ಬಿಡ್ರವಾ, ಸುಮ್ಕಿರ್ರಿ," ಎಂದು ಮಲ್ಲಕ್ಕ ತನ್ನ ಕಟ್ಟೆಯಿಂದಲೇ ಕೂಗಿದಳು.

ಮೀರಾಬಿಯ ಮನೆಯ ಮುಂದಿನ ಕೋಣೆಯಲ್ಲಿ ಮಶಿನ್ ಇತ್ತು. ಹಗ್ಗದ ಮೇಲೆ ಕುಂಚಿಗೆಗಳು ತೂಗುತ್ತಿದ್ದವು. ಖಾಸಿಂಬಿ ಗೋಡೆಗೊರಗಿ ಕೂತು ಬಂದವನನ್ನು ಅಳೆದು ನೋಡುತ್ತಿದ್ದಳು. ಪ್ರಭು ಬಹಳ ಹೊತ್ತು ಮಶಿನ್ ನೋಡಿದ, ಆಮೇಲೆ ಬಾಗಿಲಿಗೆ ಬಂದು ನಿಂತ ಮಲ್ಲಕ್ಕನ ಕಡೆ ತಿರುಗಿದ.

"ಅಮ್ಮಾರ, ಮಾರಿ ಉಂಡ್ಲು ಅಂದಿದ್ರಿ."

"ಅಂದಿದ್ದೆ."

"ನನ್ನ ರಿಪೋರ್ಟ್ ಸುಳ್ಳ ಆತಲ್ರಿ ಈಗ. ನನ್ನ ಐಡಿ ಬಂದ್ ಮಾಡಿದ್ರ ನಾ ಏನ್ ಮಾಡ್ಲಿ?"

ಅವನ ದನಿಯಲ್ಲಿ ಸಿಟ್ಟಿಗಿಂತ ಅಂಜಿಕೆ ಹೆಚ್ಚಿತ್ತು. ಅವನನ್ನೂ ಯಾವುದೋ ಮೊಬೈಲು ದಿನಾ ಬೆಳಿಗ್ಗೆ ಮುಖ ಕೇಳಿ, ಒಪ್ಪಿ, ಕೆಲಸಕ್ಕೆ ಬಿಡುತ್ತಿತ್ತು. ಮಲ್ಲಕ್ಕನಿಗೆ ಅದು ಆ ದಿನ ಅವನ ಬಾಯಿಂದಲೇ ತಿಳಿಯಿತು. ಅವಳು ಅವನಿಗೆ ನೀರು ತಂದುಕೊಟ್ಟಳು.

ಫೋಟೋ ಮುಗಿದವು. ಸಾಕ್ಷಿ ಹೇಳುವವರು ಯಾರು ಎಂದು ಅವನು ಕೇಳಿದ. "ಹೆಸರ ಹೇಳಬೇಕ್ರಿ. ಆಮ್ಯಾಲೆ ನಿಮ್ಮ ಮನಿ ಬಾಗಲಾ ತೋರಸಬೇಕು."

ಪಕ್ಕದ ಮನೆಯೊಳಗಿನಿಂದ ದಾನೇಶ್ವರಿಯ ದನಿ ಬಂತು. "ಅತ್ತೀ, ಬ್ಯಾಡ್ರಿ. ನಮ್ಮನೂ ಬರಕೊಂತಾರ."

ಮಲ್ಲಕ್ಕ ತನ್ನ ಬಾಗಿಲ ಕಡೆ ನೋಡಿದಳು. ಆ ಬಾಗಿಲಿನ ಹಿಂದೆಯೂ ಒಂದು ಕಾರ್ಡ್ ಇತ್ತು, ಚಾದರ ಹೊದ್ದ ಟೀವಿ ಇತ್ತು. ಮೀರಾಬಿ ಏನೂ ಕೇಳಲಿಲ್ಲ. ಕೇಳುವ ಹಕ್ಕು ತನಗಿಲ್ಲವೆಂದು ಅವಳಿಗೆ ಗೊತ್ತಿತ್ತು. ಒಂದು ವೇಳೆ ಮಲ್ಲಕ್ಕ ತಿರುಗಿ ಒಳಗೆ ಹೋಗಿದ್ದರೆ ಅವಳು ಜೀವಮಾನದಲ್ಲಿ ಅದನ್ನು ಎತ್ತಿ ಆಡುತ್ತಿರಲಿಲ್ಲ.

ಮಲ್ಲಕ್ಕ ಸೆರಗು ಹೊದ್ದು ಮೊಬೈಲಿನ ಮುಂದೆ ನಿಂತಳು. "ನಾ ಮಲ್ಲಕ್ಕ. ಅದು ನನ್ನ ಮನಿ. ಈಕಿ ಮೀರಾಬಿ. ಕೂಸಿನ ಕುಂಚಗಿ ಹೊಲಿತಾಳ, ಮಾರತಾಳ. ನನ್ನ ಮಮ್ಮಗ ತೊಟ್ಟಿದ್ದೂ ಈಕಿ ಹೊಲದದ್ದ. ಮೊನ್ನೆ ಹೊಲಿಯಂಗಿಲ್ಲ ಅಂತ ಸುಳ್ಳ ಹೇಳಿದಾಕಿ ನಾನ."

ಪ್ರಭು ಮೊಬೈಲ್ ಇಳಿಸಿದ. "ಕಡೀ ಮಾತ ಬ್ಯಾಡ್ರಿ ಅಮ್ಮಾರ. ಅದ ಇದ್ರ ರಿಜೆಕ್ಟ್ ಮಾಡ್ತಾರ."

"ಖರೇ ಹೇಳಿದ್ರ ರಿಜೆಕ್ಟ್ ಮಾಡ್ತಾರಾ?"

"ಇಷ್ಟೆಲ್ಲಾ ಖರೇ ಬ್ಯಾಡ್ರಿ ಅದಕ್ಕ."

ಮಲ್ಲಕ್ಕ ಅವನ ಮುಖ ನೋಡಿದಳು, ಮೀರಾಬಿಯ ಮುಖ ನೋಡಿದಳು. ಮತ್ತೊಮ್ಮೆ ಹೇಳಿದಳು, ಕಡೆಯ ಮಾತು ಬಿಟ್ಟು. ಆಮೇಲೆ ಒಳಗೆ ಹೋಗಿ ಕೈಕಾಲು ತೊಳೆದುಕೊಂಡಳು.

ಖಾತೆ ಪಾಸಾಯಿತು. ಅಂಗಡಿಗೆ ಏನು ಹೆಸರಿಡುವುದೆಂದು ಸೌಂದರ್ಯಾ ಕೇಳಿದಾಗ ಮೀರಾಬಿ ತನ್ನ ಹೆಸರನ್ನೇ ಹೇಳಿದಳು, ಮುಂದೆ ಊರಿನ ಹೆಸರು. ಶೇಟ್ ಮುನಿಸಿಕೊಂಡ, ಆಮೇಲೆ ಎಂದಿನಂತೆ ಮಾಲು ಕೇಳಿದ. ಕಾರ್ಡಿನ ಸುದ್ದಿ ಇನ್ನೂ ಏನೂ ಬಂದಿಲ್ಲ. ಬಂದಿಲ್ಲ ಎಂದರೆ ಬರುವುದಿಲ್ಲ ಎಂದಲ್ಲ. ರೇಷನ್ ಅಂಗಡಿಯಲ್ಲಿ ಬೆರಳು ಒತ್ತಿದಾಗಲೆಲ್ಲ ಚೀಟಿ ಹೊರಬರುವ ತನಕ ಅವಳು ಯಂತ್ರದ ಮೇಲಿನ ಕಣ್ಣು ತೆಗೆಯುವುದಿಲ್ಲ.

ಬೇಡಿಕೆ ಬರತೊಡಗಿತು, ಒಂದೊಂದೇ. ಮೊದಲು ಕೊಂಡ ಶಿರಸಿಯ ಒಬ್ಬಾಕೆ ಬರೆದಳು: ಮೀರಾಬಿ ಅವರೇ, ಕೂಸು ಗೊಂಡೆ ಬಿಡುತ್ತಲೇ ಇಲ್ಲ. ಅಷ್ಟೇ. ಮೀರಾಬಿ ಆ ಸಾಲನ್ನು ಖಾಸಿಂಬಿಯ ಕಿವಿಯ ಹತ್ತಿರ ಬಾಗಿ ಗಟ್ಟಿಯಾಗಿ ಹೇಳಿದಳು. ಓಣಿಗೆಲ್ಲ ಕೇಳಿತು.

ಮರುದಿನ ದಾನೇಶ್ವರಿ ಹಿತ್ತಲಿನಿಂದ ಬಂದಳು, ಸೆರಗಿನಲ್ಲಿ ಒಂದು ಗಂಟು. ಬಿಚ್ಚಿದಳು. ಕೂಸಿನ ಟೊಪ್ಪಿಗೆಗಳು, ಮೇಲೆ ಕಸೂತಿಯ ನವಿಲು. ಮೀರಾಬಿ ಒಂದನ್ನು ತಿರುವಿ ಒಳಮೈ ನೋಡಿದಳು. ಹೊರಗಿನ ನವಿಲೇ ಒಳಗೂ ಇತ್ತು, ಎಲ್ಲೂ ಗಂಟು ಕಾಣಲಿಲ್ಲ. ಪಕ್ಕದ ಮನೆಯಲ್ಲಿ ಇಂಥ ಕೈ ಇದೆಯೆಂದು ಇಷ್ಟು ವರ್ಷ ತನಗೇ ತಿಳಿದಿರಲಿಲ್ಲ.

"ಇವನ್ನೂ ಹಾಕ್ರಿ ಅಕ್ಕಾ, ನಿಮ್ಮ ಅಂಗಡ್ಯಾಗ."

"ಹಾಕೂಣು. ಕೆಳಗ ನಿನ್ನ ಹೆಸರ ಬರಸೂಣು."

"ಬ್ಯಾಡ್ರಿ." ದಾನೇಶ್ವರಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ನಿಮ್ಮ ಹೆಸರಿನ ಮ್ಯಾಲ ಹೋಗ್ಲಿ. ನಿಮ್ದಂತೂ ಹೊರಗ ಬಿದ್ದೈತಿ. ನಮಗ ಕಾರ್ಡ ಬೇಕ್ರಿ."

"ಯಾರರ ಛಲೋ ಆಗೇತಿ ಅಂತ ಬರದ್ರ ನನಗ ಬರೀತಾರಲ್ಲಬೇ."

"ಬರೀಲಿ ಬಿಡ್ರಿ. ನನಗ ನೀವು ಕೂಲಿ ಕೊಡ್ರಿ, ಸಾಕು."

ಮೀರಾಬಿಯ ಕೈಯಲ್ಲಿ ಟೊಪ್ಪಿಗೆ ಹಾಗೆಯೇ ಇತ್ತು. ಗಂಟನ್ನು ವಾಪಸ್ ಕೊಡಲು ಕೈ ಬರಲಿಲ್ಲ, ಎತ್ತಿ ಒಳಗಿಡಲೂ ಬರಲಿಲ್ಲ. ಅಬ್ದುಲಮಜೀದ ಶೇಟನೂ ಒಂದು ಕಾಲಕ್ಕೆ ಯಾರಿಗೋ ಒಳ್ಳೆಯದಾಗಲೆಂದು ಹೀಗೆಯೇ ಶುರುಮಾಡಿರಬಹುದು ಎನ್ನುವುದು ಅವಳಿಗೆ ಆಗ ಹೊಳೆಯಿತು.

ದಾನೇಶ್ವರಿ ನಿಂತೇ ಇದ್ದಳು, ಹೊರಡುವ ಅವಸರದಲ್ಲಿ.

"ಕೂಡು," ಎಂದಳು ಮೀರಾಬಿ. "ಚಾ ಇಡ್ತೀನಿ. ಮಾತಾಡೂಣು."